ತೆಂಗಿನ ನಾರಿನ ಪುಡಿಯಲ್ಲಿ ಮನೆ ಅಣಬೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ತಿಪಟೂರು ಕಡೆ. ಕಾಯಿ ಸುಲಿದ ಮಟ್ಟೆ ನಾರಿನ ಫ್ಯಾಕ್ಟರಿಗೆ ಹೋಗುತ್ತದೆ, ನಾರು ಹಗ್ಗಕ್ಕೋ ಹಾಸಿಗೆಗೋ ಹೋಗುತ್ತದೆ, ಪುಡಿ ಹಿತ್ತಲಲ್ಲಿ ಕಂದು ಗುಡ್ಡವಾಗಿ ಉಳಿಯುತ್ತದೆ. ಆ ಪುಡಿಯನ್ನು ಬೆಂಗಳೂರಿನ ಬಾಡಿಗೆ ಮನೆಗೆ ತಂದು ಅಣಬೆ ಬೆಳೆಯೋಕೆ ಶುರು ಮಾಡಿದೆ. ಮೊದಲ ಮೂರು ಚೀಲ ಹಾಳಾದವು. ಆಮೇಲೆ ಕಲಿತೆ. ಈಗ ನೆಂಟರು, ಸ್ನೇಹಿತರು, ಪಕ್ಕದ ಬೀದಿಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ನಾರಿನ ಪುಡಿ ಅಂದರೆ ನರ್ಸರಿಯಲ್ಲಿ ಸಿಗುವ ಕೊಕೊಪೀಟೇನಾ?

ಹೌದು, ಅದೇ. ಮಟ್ಟೆಯಲ್ಲಿ ನಾರಿನ ಎಳೆಗಳ ನಡುವೆ ಬೆಂಡಿನಂಥ ಮೆತ್ತನೆಯ ಪದಾರ್ಥ ಇರುತ್ತದಲ್ಲ, ನಾರು ಬಿಡಿಸುವಾಗ ಅದು ಪುಡಿಯಾಗಿ ಉದುರುತ್ತದೆ. ಅದನ್ನು ಒಣಗಿಸಿ ಒತ್ತಿದರೆ ಇಟ್ಟಿಗೆ. 650 ಗ್ರಾಂ ಇಟ್ಟಿಗೆಯೂ ಸಿಗುತ್ತದೆ, 5 ಕೆಜಿ ದಿಂಡೂ ಸಿಗುತ್ತದೆ. ಮನೆಗೆ ಚಿಕ್ಕದೇ ಸಾಕು.

ಬರೀ ನಾರಿನ ಪುಡಿಯಲ್ಲಿ ಅಣಬೆ ಬರುತ್ತದಾ?

ಬರುತ್ತದೆ, ಆದರೆ ಕಮ್ಮಿ ಬರುತ್ತದೆ. ಬೇರೇನೂ ಸೇರಿಸದೆ ಪುಡಿಯನ್ನೊಂದೇ ತುಂಬಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಯಾಕೆ ಅಂದರೆ ಇದು ನೀರು ಹಿಡಿಯುವ ವಸ್ತು, ಹೊಟ್ಟೆ ತುಂಬಿಸುವ ವಸ್ತು ಅಲ್ಲ. ಅಣಬೆಗೆ ಬೇಕಿರುವುದು ಸುಲಭವಾಗಿ ಜೀರ್ಣವಾಗುವ ಸೆಲ್ಯುಲೋಸ್ ಮತ್ತು ಸ್ವಲ್ಪ ಸಾರಜನಕ. ನಾರಿನ ಪುಡಿಯಲ್ಲಿ ಲಿಗ್ನಿನ್ ಜಾಸ್ತಿ, ಮೂರರಲ್ಲಿ ಒಂದು ಭಾಗದ ಆಸುಪಾಸು. ಲಿಗ್ನಿನ್ ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ. ಭತ್ತದ ಹುಲ್ಲಿನಲ್ಲಿ ಇದಕ್ಕಿಂತ ಎಷ್ಟೋ ಕಮ್ಮಿ. ಸಾರಜನಕವಂತೂ ಪುಡಿಯಲ್ಲಿ ತೀರಾ ಕಮ್ಮಿ: ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಜಾಸ್ತಿ ಪಾಲು ಇಂಗಾಲ. ಫ್ಯಾಕ್ಟರಿ ಹಿತ್ತಲಿನ ಗುಡ್ಡ ವರ್ಷಗಟ್ಟಲೆ ಕೊಳೆಯದೆ ಹಾಗೇ ನಿಲ್ಲುವುದು ಇದೇ ಕಾರಣಕ್ಕೆ.

ಚಿಪ್ಪಣಬೆಗೆ (ಆಯ್ಸ್ಟರ್ ಅಣಬೆ) ಲಿಗ್ನಿನ್ ಒಡೆಯುವ ಶಕ್ತಿ ಇದೆ, ಆದರೆ ನಿಧಾನ. ನಾನು ಒಮ್ಮೆ ಬರೀ ಪುಡಿ ತುಂಬಿದ ಒಂದು ಚೀಲ, ಪುಡಿ ಮತ್ತು ಹುಲ್ಲು ಬೆರೆಸಿದ ಒಂದು ಚೀಲ, ಎರಡನ್ನೂ ಅಕ್ಕಪಕ್ಕ ಇಟ್ಟೆ. ಎರಡೂ ಅಣಬೆಯ ಬಿಳಿ ಎಳೆಗಳು ಹಬ್ಬಿ ಬೆಳ್ಳಗಾದವು. ಬೆರೆಸಿದ ಚೀಲ ಮೂರು ಕೊಯ್ಲು ಕೊಟ್ಟಿತು. ಬರೀ ಪುಡಿಯ ಚೀಲದಲ್ಲಿ ಒಂದು ಸಣ್ಣ ಗೊಂಚಲು ಬಂತು, ಅಷ್ಟೇ. ಅದೂ ಪುಡಿಯಿಂದ ಬಂದದ್ದಕ್ಕಿಂತ ಬೀಜದ ಜೋಳದ ಕಾಳಿನಿಂದ ಬಂದದ್ದೇ ಜಾಸ್ತಿ ಅಂತ ನನ್ನ ಅಂದಾಜು. (ಬೇಯಿಸಿದ ಕಾಳಿನ ಮೇಲೆ ಬೆಳೆಸಿದ ಅಣಬೆ ಎಳೆಗೇ ಅಣಬೆ ಬೀಜ ಅನ್ನುತ್ತಾರೆ.)

ಹಾಗಾದರೆ ನಾರಿನ ಪುಡಿ ಯಾಕೆ ಬೇಕು? ಹುಲ್ಲೊಂದೇ ಸಾಲದಾ?

ಸಾಲುತ್ತದೆ. ಹಳ್ಳಿಯಲ್ಲಿದ್ದು ಒಳ್ಳೆ ಭತ್ತದ ಹುಲ್ಲು ಸಿಗುತ್ತದೆ ಅಂದರೆ ಹುಲ್ಲಿನಲ್ಲೇ ಬೆಳೆಯಿರಿ.

ನಾರಿನ ಪುಡಿ ಎರಡು ಕಡೆ ನಿಜವಾಗಿ ಉಪಕಾರಕ್ಕೆ ಬರುತ್ತದೆ. ಒಂದು, ಒಣ ಹವೆ ಇರುವ ಮನೆಗಳಲ್ಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಮನೆಯಲ್ಲಿ ಹುಲ್ಲಿನ ಚೀಲ ಎರಡನೇ ಕೊಯ್ಲಿಗೇ ಒಣಗಿ ಹಗುರವಾಗುತ್ತದೆ. ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ. ಹುಲ್ಲಿನ ಸಂದುಗಳಲ್ಲಿ ಅದು ಕೂತರೆ ಚೀಲಕ್ಕೆ ಒಂದು ಮೈಕಟ್ಟು ಬರುತ್ತದೆ, ಬಿಳಿ ಎಳೆಗಳಿಗೆ ಹುಲ್ಲಿನಿಂದ ಹುಲ್ಲಿಗೆ ದಾಟಲು ಸೇತುವೆ ಸಿಕ್ಕಂತಾಗುತ್ತದೆ. ಇನ್ನೊಂದು, ಹಾಲು ಅಣಬೆಗೆ ಮೇಲೆ ಹಾಕುವ ಮುಚ್ಚಿಗೆ. ಅದರ ವಿಷಯ ಕೆಳಗೆ ವಿವರವಾಗಿ ಬರೆದಿದ್ದೇನೆ.

ವಿಡಿಯೋಗಳಲ್ಲಿ ಬಕೆಟ್ಟಿಗೆ ನಾರಿನ ಪುಡಿ ಹಾಕಿ, ಬಿಸಿನೀರು ಸುರಿದು, ಅಷ್ಟರಲ್ಲೇ ಬೆಳೆಯುತ್ತಾರಲ್ಲ?

ಹೊರದೇಶದ ಆ ವಿಡಿಯೋಗಳಲ್ಲಿ ಊಟ ಪುಡಿಯಿಂದ ಬರುತ್ತಿಲ್ಲ, ಕಾಳಿನಿಂದ ಬರುತ್ತಿದೆ. ಒಂದು ಪಾಲು ಕಾಳಿನ ಬೀಜಕ್ಕೆ ಒಂದೋ ಎರಡೋ ಪಾಲು ಪುಡಿ ಸೇರಿಸುತ್ತಾರೆ. ಅಷ್ಟೊಂದು ಬೀಜ ಕೊಂಡು ಚಿಪ್ಪಣಬೆ ಬೆಳೆದರೆ ನಮಗೆ ಗಿಟ್ಟುವುದಿಲ್ಲ. ಅಲ್ಲಿ ಎಷ್ಟೋ ಸಲ ಬೆಳೆಯುವುದು ತಿನ್ನುವ ಅಣಬೆಯೂ ಅಲ್ಲ, ನಮ್ಮ ದೇಶದಲ್ಲಿ ಮಾದಕ ವಸ್ತು ಕಾನೂನಿನ ಕೆಳಗೆ ಬರುವ ಅಂಶ ಇರುವ ಅಣಬೆ. ಆ ದಾರಿ ಬೇಡ.

ಅವರಿಂದ ಕಲಿಯಬೇಕಾದ ಒಂದು ಮಾತು ಮಾತ್ರ ಇದೆ. ಪುಡಿಯಲ್ಲಿ ಊಟ ಕಮ್ಮಿ ಇರುವುದರಿಂದ ಬೇರೆ ಬೂಷ್ಟುಗಳೂ ಅದಕ್ಕೆ ಬೇಗ ಮುತ್ತುವುದಿಲ್ಲ. ಹಾಗಾಗಿ ಕುದಿಯುವ ನೀರು ಸುರಿದು ಮುಚ್ಚಿಟ್ಟರೆ ಸಾಕಾಗುತ್ತದೆ, ಪ್ರೆಷರ್ ಕುಕ್ಕರ್ ಬೇಡ. ಈ ಅನುಕೂಲವನ್ನು ನಾವೂ ಬಳಸಿಕೊಳ್ಳೋಣ.

ಯಾವ ಪುಡಿ ಕೊಳ್ಳಬೇಕು?

ಚೀಲದ ಮೇಲೆ ಬರೆದಿರುವುದನ್ನು ಪೂರ್ತಿ ಓದಿ. ಇದು ಈ ಪುಟದಲ್ಲೇ ದೊಡ್ಡ ಎಚ್ಚರಿಕೆ.

ಗಿಡಗಳಿಗೆ ಅಂತ ಮಾರುವ ಎಷ್ಟೋ ಮಿಶ್ರಣಗಳಲ್ಲಿ ಬೇವಿನ ಹಿಂಡಿ, ಎರೆಗೊಬ್ಬರ, ಟ್ರೈಕೋಡರ್ಮಾ ಅನ್ನುವ ಹಸಿರು ಬೂಷ್ಟು ಬೆರೆಸಿರುತ್ತಾರೆ. ತೆಂಗು, ಅಡಿಕೆ ತೋಟದವರಿಗೆ ಟ್ರೈಕೋಡರ್ಮಾ ದೊಡ್ಡ ಮಿತ್ರ. ಬೇರು ಕೊಳೆಸುವ ಶಿಲೀಂಧ್ರಗಳನ್ನು ಅದು ತಿಂದು ಹಾಕುತ್ತದೆ. ಅಣಬೆಯೂ ಶಿಲೀಂಧ್ರವೇ ಅಲ್ವಾ? ಅದನ್ನೂ ತಿನ್ನುತ್ತದೆ. ನನ್ನ ಎರಡನೇ ಚೀಲ ಹಾಳಾದದ್ದು ಹೀಗೆ. ನರ್ಸರಿಯಿಂದ ತಂದ ಪುಡಿಯ ಚೀಲದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ. ಹತ್ತನೇ ದಿನಕ್ಕೆ ಚೀಲದ ಒಂದು ಮೂಲೆ ಹಸಿರು, ಹದಿನಾಲ್ಕನೇ ದಿನಕ್ಕೆ ಪೂರ್ತಿ ಹಸಿರು. ತೋಟದ ಗಿಡಕ್ಕೆ ಟ್ರೈಕೋಡರ್ಮಾ ಹಾಕಿ ಬಂದ ದಿನ ಅಣಬೆ ಚೀಲ ಮುಟ್ಟಲೂ ಬೇಡಿ.

ಬೇರೇನೂ ಬೆರೆಸದ, ತೊಳೆದು ಒಣಗಿಸಿದ ಇಟ್ಟಿಗೆ ಒಳ್ಳೆಯದು. ಮುರಿದರೆ ಒಳಗೆ ಒಂದೇ ಸಮ ಕಂದು ಬಣ್ಣ ಇರಬೇಕು. ಹಳೇ ಮುಗ್ಗಲು ವಾಸನೆ ಬಂದರೆ ಬಿಡಿ.

ಉಪ್ಪು ಇರುತ್ತದೆ ಅಂತಾರೆ. ತೊಳೆಯಲೇಬೇಕಾ?

ಫ್ಯಾಕ್ಟರಿಯಿಂದ ನೇರವಾಗಿ ತಂದ ಪುಡಿಯಾದರೆ ತೊಳೆಯಿರಿ. ಕೇರಳದ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ ಮಟ್ಟೆಯ ಪುಡಿಗೆ ಸಮುದ್ರದ ಉಪ್ಪು ಸೇರಿರಬಹುದು. ನಮ್ಮ ತುಮಕೂರು, ಹಾಸನ ಕಡೆ ಬಲಿತ ಕಾಯಿಯ ಮಟ್ಟೆಯನ್ನು ಯಂತ್ರಕ್ಕೆ ಕೊಡುತ್ತಾರೆ, ಸಮುದ್ರದ ನೀರಿನ ಮಾತೇ ಇಲ್ಲ. ಆದರೂ ತೆಂಗಿನ ಮಟ್ಟೆಯಲ್ಲೇ ಪೊಟ್ಯಾಶಿಯಂ, ಕ್ಲೋರೈಡ್ ಇರುತ್ತವೆ. ಜೊತೆಗೆ ಟ್ಯಾನಿನ್. ಮೊದಲ ಸಲ ತೊಳೆದ ನೀರು ಕಡು ಚಹಾದ ಬಣ್ಣ ಬರುವುದು ಅದರಿಂದಲೇ.

ಬಕೆಟ್ಟಿನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ ಹಿಂಡಿ. ಎರಡು ಮೂರು ಸಲ ಮಾಡಿದರೆ ಸಾಕು. ಮನೆಯಲ್ಲಿ ಕುಡಿಯುವ ನೀರು ನೋಡುವ ಟಿಡಿಎಸ್ ಮೀಟರ್ ಇದ್ದರೆ ತೊಳೆದ ನೀರಿಗೆ ಅದ್ದಿ ನೋಡಿ. ಒಂದೊಂದು ತೊಳೆತಕ್ಕೂ ಅಂಕಿ ಇಳಿಯುತ್ತಾ ಹೋಗಿ ನಿಮ್ಮ ನಲ್ಲಿ ನೀರಿನ ಹತ್ತಿರ ಬಂದರೆ ಪುಡಿ ತಯಾರು.

ಯಾವ ಅಣಬೆಯಿಂದ ಶುರು ಮಾಡಲಿ?

ಚಿಪ್ಪಣಬೆ. 20ರಿಂದ 30 ಡಿಗ್ರಿ ಉಷ್ಣಾಂಶ ಇರುವ ಮನೆಯಲ್ಲಿ ಇದಕ್ಕಿಂತ ಸುಲಭ ಬೇರೆ ಇಲ್ಲ. ಬೆಂಗಳೂರು, ಮೈಸೂರು, ಮಲೆನಾಡಿನಲ್ಲಿ ವರ್ಷದ ಹೆಚ್ಚು ತಿಂಗಳು ಬರುತ್ತದೆ. ಕರಾವಳಿ, ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹಾಲು ಅಣಬೆ ಬೆಳೆಯಿರಿ, ಅದಕ್ಕೆ 30ರಿಂದ 35 ಡಿಗ್ರಿ ಇಷ್ಟ. ಬಟನ್ ಅಣಬೆ ಮನೆಯಲ್ಲಿ ಬೇಡ. ಮೊಗ್ಗು ಬರಲು 16–18 ಡಿಗ್ರಿ ತಂಪು ಬೇಕು, ಗೊಬ್ಬರ ತಯಾರಿಯೇ ವಾರಗಟ್ಟಲೆ ಹಿಡಿಯುತ್ತದೆ.

ಚಿಪ್ಪಣಬೆಗೆ ಅಳತೆ ಹೇಳಿ. ಹೇಗೆ ಮಾಡೋದು?

ಎರಡು ಚೀಲಕ್ಕೆ ನನ್ನ ಅಳತೆ ಇದು: ಒಣ ಭತ್ತದ ಹುಲ್ಲು 1 ಕೆಜಿ, 650 ಗ್ರಾಂ ಇಟ್ಟಿಗೆಯಲ್ಲಿ ಅರ್ಧ, ಅಣಬೆ ಬೀಜ 300 ಗ್ರಾಂ. ಹುಲ್ಲು ಹೊಸದಾಗಿರಬೇಕು, ಹಳದಿ ಹೊಳಪಿರಬೇಕು. ಮಳೆಯಲ್ಲಿ ನೆನೆದು ಕಪ್ಪಾದದ್ದು ಬೇಡ.

ಹುಲ್ಲನ್ನು ಬೆರಳುದ್ದ ಕತ್ತರಿಸಿ. ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ. ಹಂಡೆಯಲ್ಲಿ ನೀರು ಕುದಿಸಿ, ಹುಲ್ಲು ಮುಳುಗಿಸಿ, ಮೇಲೆ ಭಾರ ಇಟ್ಟು ಒಂದು ಗಂಟೆ ಬಿಡಿ. ಈ ಒಂದು ಗಂಟೆಯೂ ನೀರು ಕೈ ಇಡಲಾರದಷ್ಟು ಬಿಸಿ ಇರಬೇಕು, 65 ಡಿಗ್ರಿಯಿಂದ ಕೆಳಗೆ ಇಳಿಯಬಾರದು. ಒಲೆ ಸಣ್ಣ ಉರಿಯಲ್ಲಿ ಇರಲಿ. ಆಮೇಲೆ ಗೋಣಿಚೀಲಕ್ಕೋ ಸೊಳ್ಳೆ ಪರದೆಯ ಬಟ್ಟೆಗೋ ಹಾಕಿ ನೇತುಹಾಕಿ. ಚೀಲವನ್ನೂ ಬಿಸಿನೀರಲ್ಲಿ ಅದ್ದಿರಬೇಕು.

ಅದೇ ಹೊತ್ತಿಗೆ ನಾರಿನ ಪುಡಿ. ಗಟ್ಟಿ ಮುಚ್ಚಳದ ಬಕೆಟ್ಟಿಗೆ ಅರ್ಧ ಇಟ್ಟಿಗೆ ಹಾಕಿ, ಕುದಿಯುವ ನೀರು ಒಂದೂಕಾಲು ಲೀಟರ್ ಸುರಿಯಿರಿ. ಮುಚ್ಚಿ, ಹಳೇ ಕಂಬಳಿ ಸುತ್ತಿ, ಸಂಜೆವರೆಗೆ ತೆಗೆಯಬೇಡಿ. ನೀರು ಇನ್ನೂ ಜಾಸ್ತಿ ಹಿಡಿಯುತ್ತದೆ ನಿಜ, ಬೇಕಂತಲೇ ಕಮ್ಮಿ ಹಾಕುತ್ತಿದ್ದೇವೆ. ಹುಲ್ಲಿನಲ್ಲಿ ಉಳಿದ ನೀರನ್ನು ಅದು ಹೀರಿಕೊಳ್ಳಲಿ. ಪುಡಿಯನ್ನು ತೊಳೆದು ಹಿಂಡಿದ್ದರೆ ಆಗಲೇ ಒದ್ದೆ ಇರುತ್ತದೆ. ಆಗ ಬಕೆಟ್ಟಿಗೆ ನೀರು ಸುರಿಯದೆ, ಇಡ್ಲಿ ಪಾತ್ರೆಯಲ್ಲಿ ಒಂದು ಗಂಟೆ ಹಬೆಯಲ್ಲಿ ಬೇಯಿಸಿ.

ಎರಡೂ ಪೂರ್ತಿ ತಣ್ಣಗಾಗಬೇಕು. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಬೆಚ್ಚಗೂ ಅನ್ನಿಸಬಾರದು. ಬಿಸಿಯಲ್ಲಿ ಬೀಜ ಹಾಕಿದರೆ ಅದು ಅಲ್ಲೇ ಬೆಂದು ಸಾಯುತ್ತದೆ.

ಫ್ಯಾನ್ ಆರಿಸಿ, ಕೈ ಸೋಪಿನಲ್ಲಿ ತೊಳೆದು, ಟೇಬಲ್ಲನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹುಲ್ಲು, ಪುಡಿ ಬೆರೆಸಿ. 12×18 ಇಂಚಿನ ಪಾರದರ್ಶಕ ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಒಂದು ಪದರ ಹಾಕಿ ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ. ಮತ್ತೆ ಪದರ, ಮತ್ತೆ ಬೀಜ. ಕೊನೇ ಪದರದ ಮೇಲೆ ಒಂದು ಹಿಡಿ ಬೀಜ ಜಾಸ್ತಿಯೇ ಇರಲಿ. ಬಾಯಿ ಕಟ್ಟಿ, ಸುತ್ತ ಹತ್ತು ಹನ್ನೆರಡು ತೂತು ಮಾಡಿ, ತೂತಿಗೆ ಹತ್ತಿ ಇಡಿ. ಮಂಚದ ಕೆಳಗೋ ಅಟ್ಟದ ಮೇಲೋ ಕತ್ತಲಲ್ಲಿ ಇಡಿ.

ತೇವ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆಯಾಗಿ ಇಳಿದರೆ ಜಾಸ್ತಿ. ಕೈ ಬಿಚ್ಚಿದಾಗ ಉಂಡೆ ಒಡೆದು ಉದುರಿದರೆ ಕಮ್ಮಿ.

ಪುಸ್ತಕಗಳಲ್ಲಿ ತೇವಾಂಶ 60–65 ಶೇಕಡಾ ಅಂತ ಬರೆದಿರುತ್ತದೆ. ಅದು ಹುಲ್ಲಿನ ಲೆಕ್ಕ. ನಾರಿನ ಪುಡಿಗೆ ಈ ಲೆಕ್ಕ ಹಿಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ತೂಕದಲ್ಲಿ ಮುಕ್ಕಾಲು ಪಾಲು ನೀರಿದ್ದರೂ ಅದು ಮುಟ್ಟಿದರೆ ಬರೀ ತೇವ ಅನ್ನಿಸುತ್ತದೆ. ತಕ್ಕಡಿ ಬಿಡಿ, ಮುಷ್ಟಿಯನ್ನು ನಂಬಿ. ನನ್ನ ಮೊದಲ ಚೀಲದಲ್ಲಿ ನೀರು ತಳದಲ್ಲಿ ನಿಂತಿತ್ತು. ಆರನೇ ದಿನ ಬಾಯಿ ಬಿಚ್ಚಿದರೆ ಹಳಸಿದ ಅನ್ನದ ವಾಸನೆ. ಗಾಳಿ ಹೋಗದೆ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು.

ಬೂಷ್ಟು ಸಾಯಲಿ ಅಂತ ಕಾರ್ಬೆಂಡಜಿಂ, ಫಾರ್ಮಾಲಿನ್ ಥರದ ರಾಸಾಯನಿಕ ಹಾಕಿ ಹುಲ್ಲು ನೆನೆಸಬೇಕು ಅಂತ ಕೇಳಿದ್ದೇನೆ?

ದೊಡ್ಡ ಪ್ರಮಾಣದಲ್ಲಿ ಬೆಳೆಯುವವರು ಸೌದೆ ಉಳಿಸಲು ಹಾಗೆ ಮಾಡುತ್ತಾರೆ. ಮನೆಯೊಳಗೆ, ಮಕ್ಕಳಿರುವ ಕಡೆ ಫಾರ್ಮಾಲಿನ್ ಬಾಟಲಿ ತೆರೆಯಬೇಡಿ. ಕಣ್ಣು, ಮೂಗು ಉರಿಯುತ್ತದೆ, ಒಳ್ಳೆಯ ವಸ್ತು ಅಲ್ಲ. ಎರಡು ಚೀಲಕ್ಕೆ ಒಂದು ಹಂಡೆ ಬಿಸಿನೀರು ಸಾಕು.

ಇಳುವರಿ ಹೆಚ್ಚಲಿ ಅಂತ ತೌಡು, ಗೋಧಿ ಬೂಸಾ ಬೆರೆಸಬಹುದಾ?

ಬಿಸಿನೀರಿನ ವಿಧಾನದಲ್ಲಿ ಬೇಡ. ತೌಡು ಅಣಬೆಗೆ ಎಷ್ಟು ರುಚಿಯೋ ಬೂಷ್ಟಿಗೂ ಅಷ್ಟೇ ರುಚಿ. ಅದನ್ನು ಹಾಕಿದರೆ ಪ್ರೆಷರ್ ಕುಕ್ಕರಿನಲ್ಲಿ ಒಂದೂವರೆ ಗಂಟೆ ಬೇಯಿಸಲೇಬೇಕು. ಯೂರಿಯಾವಂತೂ ಮುಟ್ಟಲೇ ಬೇಡಿ.

ಬೀಜ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ವಿಭಾಗ ಇದೆ. ಬೀಜ ಕೊಡುತ್ತಾರೆ, ತರಬೇತಿಯೂ ಇದೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಕೆಲವು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿ ನೋಡಿ. ಮೊದಲೇ ಫೋನ್ ಮಾಡಿ ಹೋಗಿ, ಬೀಜ ಬೇಡಿಕೆಗೆ ತಕ್ಕಂತೆ ತಯಾರಾಗುತ್ತದೆ.

ಪೊಟ್ಟಣ ಕೈಗೆ ತೆಗೆದುಕೊಂಡು ನೋಡಿ. ಕಾಳುಗಳ ಮೇಲೆ ಅಚ್ಚ ಬಿಳಿ ಹೊದಿಕೆ ಇರಬೇಕು, ಹಸಿರು ಕಪ್ಪು ಚುಕ್ಕೆ ಇರಬಾರದು. ತಂದು ಒಂದೆರಡು ವಾರದಲ್ಲಿ ಬಳಸಿ. ಚಿಪ್ಪಣಬೆ ಬೀಜವನ್ನು ಅಲ್ಲಿಯವರೆಗೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಬಹುದು, ಫ್ರೀಜರಿನಲ್ಲಿ ಅಲ್ಲ. ಹಾಲು ಅಣಬೆ ಬೀಜ ಮಾತ್ರ ಫ್ರಿಜ್ಜಿಗೆ ಬೇಡ, ಅದಕ್ಕೆ ತಂಪು ಆಗುವುದಿಲ್ಲ.

ಎಷ್ಟು ದಿನಕ್ಕೆ ಬೆಳ್ಳಗಾಗುತ್ತದೆ? ದಿನಾ ನೋಡಬಹುದಾ?

ಕವರಿನ ಹೊರಗಿನಿಂದ ಎಷ್ಟು ಸಲ ಬೇಕಾದರೂ ನೋಡಿ. ಮೂರನೇ ದಿನ ಒಂದೊಂದು ಕಾಳಿನ ಸುತ್ತ ಹತ್ತಿಯಂಥ ಬಿಳಿ ಕೂದಲು ಕಾಣುತ್ತದೆ. ಒಂದು ವಾರಕ್ಕೆ ಬಿಳಿ ಬಳೆಗಳು ಒಂದಕ್ಕೊಂದು ತಾಗುತ್ತವೆ. 15ರಿಂದ 20 ದಿನಕ್ಕೆ ಚೀಲ ಪೂರ್ತಿ ಬಿಳಿ. ನಾರಿನ ಪುಡಿ ಜಾಸ್ತಿ ಇರುವ ಜಾಗ ಕೊನೆಗೆ ಬೆಳ್ಳಗಾಗುತ್ತದೆ, ಮತ್ತು ಅಲ್ಲಿ ಬಿಳಿ ತೆಳ್ಳಗೆ ಇರುತ್ತದೆ. ಒಳಗಿನ ಕಂದು ಬಣ್ಣ ಅದರ ಹಿಂದಿನಿಂದ ಕಾಣುತ್ತಿರುತ್ತದೆ. ಅದು ಕಾಯಿಲೆ ಅಲ್ಲ.

ಒಳಗೆ ಅಲ್ಲಲ್ಲಿ ಹಳದಿ ನೀರಿನ ಹನಿ ಕಂಡರೆ ಗಾಬರಿ ಬೇಡ. ತುಂಬಾ ಇದ್ದರೆ ಸೆಕೆ ಜಾಸ್ತಿ ಆಗಿದೆ ಅಂತ ಅರ್ಥ, ತಂಪಾದ ಜಾಗಕ್ಕೆ ಎತ್ತಿಡಿ.

ಹಸಿರು ಬಂತು. ಕತ್ತರಿಸಿ ತೆಗೆದರೆ ಆಗುತ್ತದಾ?

ಇಲ್ಲ. ಚೀಲ ಬಿಚ್ಚದೆ ಇನ್ನೊಂದು ಕವರಿಗೆ ಹಾಕಿ ಮನೆಯಿಂದ ಹೊರಗೆ ಒಯ್ದು ಮಣ್ಣಲ್ಲಿ ಹೂಳಿ. ಬಿಚ್ಚಿದರೆ ಹಸಿರು ಪುಡಿ ಹಾರಿ ಪಕ್ಕದ ಚೀಲಕ್ಕೂ ಅಂಟುತ್ತದೆ. ಮನಸ್ಸಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಉಳಿಸಿಕೊಳ್ಳಲು ನೋಡಬೇಡಿ.

ಬೆಳ್ಳಗಾದ ಮೇಲೆ ಮುಂದೇನು? ನನ್ನ ಅಣಬೆ ಕಾಲು ಉದ್ದ, ಟೊಪ್ಪಿಗೆ ಚಿಕ್ಕದಾಗಿ ಬಂತು.

ಕಾಲು ಉದ್ದ ಬಂದರೆ ಗಾಳಿ ಸಾಲಲಿಲ್ಲ ಅಂತ. ಅಣಬೆಯೂ ನಮ್ಮ ಹಾಗೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಸುತ್ತ ಸೇರಿಕೊಂಡರೆ ಹೊಸ ಗಾಳಿ ಹುಡುಕಿಕೊಂಡು ಕಾಲು ಚಾಚುತ್ತದೆ. ತುಂಬಾ ಜನ ತೇವ ಉಳಿಯಲಿ ಅಂತ ಪ್ಲಾಸ್ಟಿಕ್ ಹೊದಿಸಿಟ್ಟು ಈ ತಪ್ಪು ಮಾಡುತ್ತಾರೆ.

ಚೀಲ ಪೂರ್ತಿ ಬಿಳಿಯಾದ ಮೇಲೆ ಬೆಳಕು ಬರುವ, ಬಿಸಿಲು ಬೀಳದ ಜಾಗಕ್ಕೆ ತನ್ನಿ. ಬ್ಲೇಡಿನಿಂದ ನಾಲ್ಕೈದು ಕಡೆ ಎರಡು ಇಂಚಿನ ಗೀರು ಹಾಕಿ. ದಿನಕ್ಕೆ ಎರಡು ಮೂರು ಸಲ ಸುತ್ತಲಿನ ಗಾಳಿಗೆ, ಗೋಡೆಗೆ ನೀರು ಸಿಂಪಡಿಸಿ. ಮೊಗ್ಗಿನ ಮೇಲೆ ನೇರವಾಗಿ ಬೇಡ. ಮೂರರಿಂದ ಐದು ದಿನಕ್ಕೆ ಗೀರಿನಲ್ಲಿ ಸಾಸಿವೆ ಕಾಳಿನಷ್ಟು ಬೂದು ಚುಕ್ಕೆಗಳು ಮೂಡುತ್ತವೆ. ಮರುದಿನ ಬೆಂಕಿಕಡ್ಡಿ ತಲೆಯಷ್ಟು. ಆಮೇಲೆ ಬೆಳಿಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಷ್ಟು ಸಲ ಬೆಳೆದರೂ ಆ ಮೂರು ದಿನ ನಾನು ಕಾಫಿ ಲೋಟ ಹಿಡಿದು ಚೀಲದ ಎದುರೇ ಕೂರುತ್ತೇನೆ.

ಟೊಪ್ಪಿಗೆಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಗೊಂಚಲನ್ನು ಬುಡದಲ್ಲಿ ಹಿಡಿದು ತಿರುಚಿ ಕೀಳಿ. ಬುಡ ಒಳಗೆ ಉಳಿದರೆ ಕೊಳೆಯುತ್ತದೆ. ಒಂದು ವಾರ, ಹತ್ತು ದಿನ ಬಿಟ್ಟು ಮತ್ತೆ ಬರುತ್ತದೆ.

ಇಳುವರಿ ಎಷ್ಟು?

ಮೇಲಿನ ಅಳತೆಗೆ ನನಗೆ ಎರಡು ಚೀಲದಿಂದ, ಮೂರು ಕೊಯ್ಲು ಸೇರಿ, 700–800 ಗ್ರಾಂ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಮೊದಲ ಕೊಯ್ಲಲ್ಲೇ. ನಾಲ್ಕು ಜನರ ಮನೆಗೆ ನಾಲ್ಕೈದು ಪಲ್ಯ, ಒಂದು ಸಾರು. ಲಕ್ಷಗಟ್ಟಲೆ ಆದಾಯ ಅಂತ ಹೇಳಿ ಬೀಜ, ಸಾಮಾನು ಮಾರುವವರನ್ನು ದಯವಿಟ್ಟು ನಂಬಬೇಡಿ.

ಹಾಲು ಅಣಬೆಗೆ ನಾರಿನ ಪುಡಿ ಹೇಗೆ ಬಳಸೋದು?

ನಾರಿನ ಪುಡಿಗೆ ನಿಜವಾಗಿ ತಕ್ಕ ಜಾಗ ಇದೇ.

ಹಾಲು ಅಣಬೆ ನಮ್ಮ ದೇಶದ್ದೇ ಅಣಬೆ. 1974ರಲ್ಲಿ ಪಶ್ಚಿಮ ಬಂಗಾಳದಲ್ಲಿ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿ ವಿವರಿಸಿದರು. ಆಮೇಲೆ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಯುವ ಕ್ರಮ ರೂಢಿಗೆ ತಂದರು. ದಪ್ಪ ಕಾಲು, ಅಚ್ಚ ಬಿಳಿ ಬಣ್ಣ, ಕಿತ್ತ ಮೇಲೆ ಚಿಪ್ಪಣಬೆಗಿಂತ ಜಾಸ್ತಿ ದಿನ ಕೆಡದೆ ಇರುತ್ತದೆ.

ಚಿಪ್ಪಣಬೆಯ ಥರವೇ ಹುಲ್ಲಿನಲ್ಲಿ ಚೀಲ ತುಂಬಿ, ಬೆಳ್ಳಗಾಗಲು ಬಿಡಿ. ಆದರೆ ಇದು ತಾನಾಗಿ ಮೊಗ್ಗು ಬಿಡುವುದಿಲ್ಲ. ಮೇಲೆ ಒಂದು ಪದರ ಮುಚ್ಚಿಗೆ ಬೇಕು. ಆ ಪದರ ನೀರು ಹಿಡಿಯಬೇಕು, ಗಾಳಿ ಬಿಡಬೇಕು, ಮತ್ತು ಅದರಲ್ಲಿ ಊಟ ಇರಬಾರದು. ಊಟ ಸಿಗದ ಜಾಗಕ್ಕೆ ಬಂದಾಗಲೇ ಬಿಳಿ ಎಳೆಗಳು ಹರಡುವುದು ಬಿಟ್ಟು ಮೊಗ್ಗು ಕಟ್ಟುವುದಕ್ಕೆ ತಿರುಗುತ್ತವೆ. ಚೀಲದೊಳಗೆ ಪುಡಿಯ ಬಡತನ ಕೊರತೆಯಾಗಿತ್ತು. ಇಲ್ಲಿ ಅದೇ ಗುಣ.

ನಾನು ಹಾಕುವುದು ತೊಳೆದ ನಾರಿನ ಪುಡಿ ಒಂದು ಪಾಲು, ಎರಡು ವರ್ಷ ಹಳೆಯ, ಮಣ್ಣಿನಂತಾದ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಅಷ್ಟು ಹಳತಾದ ಮೇಲೆ ಗೊಬ್ಬರದಲ್ಲೂ ಸುಲಭದ ಊಟ ಉಳಿದಿರುವುದಿಲ್ಲ. ಗೊಬ್ಬರ ಸಿಗದಿದ್ದರೆ ತೋಟದ ಮಣ್ಣು, ಸ್ವಲ್ಪ ಮರಳು. ಪಿಎಚ್ 7.5ರಿಂದ 8ರ ಒಳಗೆ ಬರುವಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ. ಶಾಲೆಯ ಚಾಕ್‌ಪೀಸ್ ಕುಟ್ಟಿ ಹಾಕಬೇಡಿ. ಈಗಿನದು ಬಹುತೇಕ ಜಿಪ್ಸಮ್, ಅದರಿಂದ ಪಿಎಚ್ ಏರುವುದಿಲ್ಲ. ನೀರು ಚಿಮುಕಿಸಿ, ಇಡ್ಲಿ ಪಾತ್ರೆಯಲ್ಲಿ ಒಂದು ಗಂಟೆ ಹಬೆಯಲ್ಲಿ ಬೇಯಿಸಿ ತಣಿಸಿ.

ಚೀಲದ ಬಾಯಿ ಬಿಚ್ಚಿ ಕವರನ್ನು ಮಡಚಿ, ಬಿಳಿ ಮೇಲ್ಮೈ ಮೇಲೆ ಒಂದು ಅಂಗುಲ ದಪ್ಪಕ್ಕೆ ಸಮನಾಗಿ ಹರಡಿ. ಒತ್ತಬೇಡಿ. ದಿನಾ ನೀರು ಸಿಂಪಡಿಸಿ, ತೇವ ಇರಬೇಕು, ಕೆಸರಾಗಬಾರದು. ಹತ್ತು ಹನ್ನೆರಡು ದಿನಕ್ಕೆ ಮುಚ್ಚಿಗೆಯ ಮೇಲೆ ಬಿಳಿ ಮೊಳೆಗಳು ಕಾಣುತ್ತವೆ. ಅಲ್ಲಿಂದ ಒಂದು ವಾರದಲ್ಲಿ ಕೊಯ್ಯಬಹುದು. ಮುಚ್ಚಿಗೆ ಒಣಗಿದರೆ ಪುಡಿ ಮತ್ತೆ ನೀರು ಹಿಡಿಯಲು ಹಟ ಮಾಡುತ್ತದೆ, ನೀರು ಮೇಲಿಂದಲೇ ಜಾರಿ ಹೋಗುತ್ತದೆ. ಹಾಗಾಗಿ ಊರಿಗೆ ಹೋಗುವ ವಾರ ಮುಚ್ಚಿಗೆ ಹಾಕಬೇಡಿ.

ಮುಚ್ಚಿಗೆಯಲ್ಲಿ ಬೇರೆ ಥರದ ಸಣ್ಣ ಅಣಬೆ ಎದ್ದಿದೆ. ತಿನ್ನಬಹುದಾ?

ಬೇಡ. ತೆಳ್ಳಗೆ, ಬೂದು ಬಣ್ಣದಲ್ಲಿ ಎದ್ದು ಮರುದಿನ ಮಸಿಯಾಗಿ ಕರಗಿದರೆ ಅದು ಮಸಿ ಅಣಬೆ. ಹುಲ್ಲು ಸರಿಯಾಗಿ ಬೇಯಲಿಲ್ಲ ಅನ್ನುವುದರ ಗುರುತು. ನೀವು ಬೀಜ ಹಾಕಿದ್ದು ಯಾವುದೋ ಅದನ್ನು ಮಾತ್ರ ತಿನ್ನಿ.

ಹುತ್ತದ ಅಣಬೆ ಹೀಗೆ ಬೆಳೆಯಬಹುದಾ?

ಆಗುವುದಿಲ್ಲ. ಅದು ಗೆದ್ದಲಿನ ಜೊತೆ ಮಾತ್ರ ಬಾಳುತ್ತದೆ. ಗೆದ್ದಲು ತನ್ನ ಗೂಡಿನೊಳಗೆ ಸಾಕಿಕೊಂಡಿರುವ ಬೆಳೆ ಅದು.

ಚಿಪ್ಪಣಬೆ ಬೆಳೆಯಲು ಶುರು ಮಾಡಿದ ಮೇಲೆ ಕೆಮ್ಮು ಬಂತು. ಇದರಿಂದಲೇನಾ?

ಇರಬಹುದು. ಟೊಪ್ಪಿಗೆ ಚಪ್ಪಟೆಯಾಗಿ ಅಂಚು ಮೇಲೆದ್ದರೆ ಬಿಳಿ ಧೂಳಿನಂತೆ ಬೀಜಕಣ ಉದುರುತ್ತದೆ. ಕೆಲವರಿಗೆ ಅದು ಆಗುವುದಿಲ್ಲ. ಮಲಗುವ ಕೋಣೆಯಲ್ಲಿ ಅರಳಲು ಬಿಡಬೇಡಿ, ಬೇಗ ಕೊಯ್ಯಿರಿ, ಮಾಸ್ಕ್ ಹಾಕಿಕೊಳ್ಳಿ. ಆಸ್ತಮಾ ಇರುವವರು ಮನೆಯಲ್ಲಿದ್ದರೆ ಚೀಲ ಬಾಲ್ಕನಿಯಲ್ಲಿರಲಿ. ಕೆಮ್ಮು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಅಣಬೆ ಬೆಳೆಯುವ ವಿಷಯವನ್ನೂ ಹೇಳಿ. ಒಣ ನಾರಿನ ಪುಡಿ ಜರಡಿ ಹಿಡಿಯುವಾಗಲೂ ಮಾಸ್ಕ್ ಬೇಕು.

ಸಣ್ಣ ಕಪ್ಪು ನೊಣ ಹಾರಾಡುತ್ತಿವೆ.

ಅವುಗಳ ಮರಿಹುಳ ಬಿಳಿ ಎಳೆಗಳನ್ನು ತಿನ್ನುತ್ತದೆ. ಹಳದಿ ಅಂಟು ಹಾಳೆ ನೇತುಹಾಕಿ, ತೂತಿನ ಹತ್ತಿ ಬಿಗಿಯಾಗಿರಲಿ, ಹಳೇ ಚೀಲಗಳನ್ನು ಹೊಸದರ ಪಕ್ಕ ಇಡಬೇಡಿ. ಔಷಧಿ ಹೊಡೆಯಬೇಡಿ, ತಿನ್ನುವ ಪದಾರ್ಥ.

ಭತ್ತದ ಹುಲ್ಲು ಸಿಗದಿದ್ದರೆ ಪುಡಿಯ ಜೊತೆ ಇನ್ನೇನು ಬೆರೆಸಬಹುದು?

ರಾಗಿ ಹುಲ್ಲು, ಗೋಧಿ ಹುಲ್ಲು, ಕಬ್ಬಿನ ಸಿಪ್ಪೆ ಆಗುತ್ತದೆ. ಅಡಿಕೆ ಸೀಮೆಯವರಿಗೆ ಹಾಳೆ ಇದೆ, ಸಣ್ಣಗೆ ಕತ್ತರಿಸಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗು, ಅಡಿಕೆ ತೋಟದ ಕಸದಲ್ಲೇ ಚಿಪ್ಪಣಬೆ ಬೆಳೆದು ತೋರಿಸಿದ್ದಾರೆ. ಅವರ ಕೇಂದ್ರ ವಿಟ್ಲದಲ್ಲೂ ಇದೆ, ದಕ್ಷಿಣ ಕನ್ನಡದವರಿಗೆ ಹತ್ತಿರ.

ಕೊಯ್ಲು ಮುಗಿದ ಚೀಲ ಏನು ಮಾಡಲಿ?

ಎಸೆಯಬೇಡಿ. ಕಾಯರ್ ಬೋರ್ಡಿನವರು ನಾರಿನ ಪುಡಿಯನ್ನು ಗೊಬ್ಬರ ಮಾಡಲು ಪಿತ್‌ಪ್ಲಸ್ ಅನ್ನುವ ಪೊಟ್ಟಣ ಕೊಡುತ್ತಾರೆ. ಅದರಲ್ಲಿರುವುದು ಚಿಪ್ಪಣಬೆಯದೇ ಎಳೆ. ಪುಡಿಯ ಗಟ್ಟಿ ಲಿಗ್ನಿನ್ನನ್ನು ಅದು ತಿಂಗಳೊಪ್ಪತ್ತಿನಲ್ಲಿ ಮೆತ್ತಗೆ ಮಾಡುತ್ತದೆ. ಅಂದರೆ ನಿಮ್ಮ ಚೀಲದೊಳಗೂ ಅದೇ ಕೆಲಸ ಶುರುವಾಗಿದೆ.

ಕವರ್ ಹರಿದು, ಗಟ್ಟಿಯಾದ ದಿಂಡನ್ನು ಕೈಯಲ್ಲಿ ಪುಡಿ ಮಾಡಿ, ಸ್ವಲ್ಪ ಸಗಣಿ ನೀರು ಹಾಕಿ ಒಂದೆರಡು ತಿಂಗಳು ನೆರಳಲ್ಲಿ ಕೊಳೆಯಲು ಬಿಡಿ. ಆಮೇಲೆ ಮಣ್ಣಿಗೆ ಬೆರೆಸಿ ಕುಂಡಕ್ಕೆ ಹಾಕಿ. ಅರ್ಧ ಕೊಳೆತದ್ದನ್ನು ನೇರ ಗಿಡದ ಬುಡಕ್ಕೆ ಹಾಕಿದರೆ ಎಲೆ ಹಳದಿಯಾಗುತ್ತದೆ, ಮಣ್ಣಿನ ಸಾರಜನಕವನ್ನೇ ಅದು ಎಳೆದುಕೊಳ್ಳುತ್ತದೆ. ನಾನು ಹೋದ ಸಲದ ಎರಡು ಚೀಲವನ್ನು ಹೀಗೆ ಕೊಳೆಸಿ ಕರಿಬೇವಿನ ಕುಂಡಕ್ಕೆ ಹಾಕಿದೆ. ಮಳೆ ಬಿದ್ದ ವಾರ ಕರಿಬೇವಿನ ಬುಡದಲ್ಲೇ ಒಂದು ಪುಟ್ಟ ಚಿಪ್ಪಣಬೆ ಗೊಂಚಲು ಎದ್ದಿತ್ತು. ಬೀಜ ಹಾಕಿದ್ದು ನಾನೇ ಆದರೂ ಕುಂಡದ ಮಣ್ಣಲ್ಲಿ ಬಂದದ್ದು ಅಂತ ಅದನ್ನು ತಿನ್ನಲಿಲ್ಲ, ಹಾಗೇ ಬಿಟ್ಟೆ.